ಭಾನುವಾರದ ಪಾಠ, ಸೋಮವಾರದ ಚೀಟಿ

ಪ್ರಶ್ನೆ: ನಮ್ಮೂರಿನ ವೈದ್ಯರು ವೃತ್ತಿಗಿಳಿದು ಮೂವತ್ತು ವರ್ಷ ದಾಟಿದೆ. ಆಗಾಗ ಭಾನುವಾರ ‘ಸಿಎಂಇ (ವೈದ್ಯರ ಮುಂದುವರಿದ ಶಿಕ್ಷಣದ ಕಾರ್ಯಕ್ರಮ) ಇದೆ’ ಎಂದು ಕ್ಲಿನಿಕ್ ಮುಚ್ಚಿ ಚಿಕ್ಕಮಗಳೂರಿಗೆ ಹೋಗುತ್ತಾರೆ. ಈ ಪಾಠಗಳಿಂದ ರೋಗಿಗಳಿಗೆ ಪ್ರಯೋಜನವಿದೆಯೇ, ಅಥವಾ ಇದು ಬರೀ ಶಾಸ್ತ್ರವೇ? – ಓದುಗರೊಬ್ಬರು, ಕೊಪ್ಪ

ಉತ್ತರ: ಪ್ರಯೋಜನವಿದೆ, ಆದರೆ ಜನ ಭಾವಿಸುವಷ್ಟಿಲ್ಲ. ವೈದ್ಯರು ಐದು ವರ್ಷಕ್ಕೆ ಕನಿಷ್ಠ 30 ಗಂಟೆ ಇಂಥ ಶಿಕ್ಷಣದಲ್ಲಿ ಪಾಲ್ಗೊಳ್ಳಬೇಕೆಂದು ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಿಯಮಾವಳಿ ಹೇಳಿತು. ಅದು ಹಾಜರಿಯ ಲೆಕ್ಕ. ಸೋಮವಾರ ಬರೆಯುವ ಚೀಟಿ ಬದಲಾಯಿತೇ ಎಂದು ಅದು ಕೇಳುವುದಿಲ್ಲ.

ಆ ಪ್ರಶ್ನೆಯನ್ನು ಕೇಳಿದವರು ಸಂಶೋಧಕರು. 81 ಪ್ರಯೋಗಗಳನ್ನು ಒಟ್ಟಾಗಿ ಪರಿಶೀಲಿಸಿದ 2009ರ ಕಾಕ್ರೇನ್ (ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗುವ ಅಂತರರಾಷ್ಟ್ರೀಯ ಸಂಸ್ಥೆ) ವಿಮರ್ಶೆಯ ಪ್ರಕಾರ, ಸಭೆ-ಕಾರ್ಯಾಗಾರಗಳ ನಂತರ ಸರಿಯಾದ ಚಿಕಿತ್ಸಾಕ್ರಮದ ಪಾಲನೆ ಸರಿಸುಮಾರು ಶೇ. 6ರಷ್ಟು ಹೆಚ್ಚುತ್ತದೆ, ಅಂದರೆ ನೂರು ರೋಗಿಗಳಲ್ಲಿ ಇನ್ನು ಆರು ಮಂದಿಗೆ ಸರಿಯಾದ ಚಿಕಿತ್ಸೆ ಸಿಗುತ್ತದೆ. ಉಪನ್ಯಾಸದ ಜೊತೆಗೆ ಚರ್ಚೆಯೂ ಬೆರೆತಾಗ ಫಲ ಹೆಚ್ಚು. ರೂಢಿಯಾಗಿಬಿಟ್ಟ ಜಟಿಲ ಅಭ್ಯಾಸಗಳನ್ನು ಬದಲಿಸುವಲ್ಲಿ ಕಡಿಮೆ. (ಊಟದ ಖರ್ಚು ಔಷಧ ಕಂಪನಿಯದ್ದಾದರೆ ಯಾವ ಪಾಠ ಮನಸ್ಸಿನಲ್ಲಿ ಉಳಿಯುತ್ತದೆ ಎಂಬುದು ಬೇರೆಯೇ ಚರ್ಚೆ.)

ನಿಮ್ಮ ಕೊಪ್ಪದ ಕಡೆಯದೇ ಉದಾಹರಣೆ ಕೊಡುವುದಾದರೆ, ಮಂಗನ ಕಾಯಿಲೆಯ ವೈರಾಣು, 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಅದು ಪತ್ತೆಯಾದ ಕಥೆ, ಅದನ್ನು ಹರಡುವ ಉಣ್ಣೆಗಳ (ಉಣುಗುಗಳ) ಜಾತಿ, ಇವೆಲ್ಲವನ್ನೂ ಒಂದು ತಾಸು ಪರದೆಯ ಮೇಲೆ ತೋರಿಸಬಹುದು. ಅದಕ್ಕಿಂತ, ಬೇಸಿಗೆಗೆ ಮೊದಲು ನಾಲ್ಕೈದು ವೈದ್ಯರು ತಾವೇ ನೋಡಿದ ಜ್ವರದ ರೋಗಿಗಳ ದಾಖಲೆಯನ್ನು ಮುಂದಿಟ್ಟುಕೊಂಡು, ಕಾಡಿಗೆ ಹೋಗಿದ್ದರೇ ಎಂದು ಎಷ್ಟು ಮಂದಿಯನ್ನು ಕೇಳಿದೆವು, ಪ್ಲೇಟ್‌ಲೆಟ್ ನೋಡಿದೆವೇ, ರಕ್ತಸ್ರಾವ ಹೆಚ್ಚಿಸಬಲ್ಲ ಆಸ್ಪಿರಿನ್‌ ಕೊಟ್ಟುಬಿಟ್ಟೆವೇ ಎಂದು ಚರ್ಚಿಸುವುದು ಹೆಚ್ಚು ಫಲಕಾರಿ ಎಂಬುದು ನನ್ನ ಅಭಿಪ್ರಾಯ. ವೈದ್ಯರ ಕೆಲಸವನ್ನೇ ಅಳೆದು ಅವರಿಗೆ ತೋರಿಸುವ ಕ್ರಮಕ್ಕೂ ಸಾಧಾರಣ ಫಲವೇ ಕಂಡಿದೆ. ಆದರೆ ಆರಂಭದಲ್ಲಿ ಹಿಂದುಳಿದವರಿಗೆ ಅದರಿಂದ ಹೆಚ್ಚು ಲಾಭ.

ಅನುಭವವೇ ಸಾಕೆಂಬ ನಂಬಿಕೆಯೂ ಪೂರ್ತಿ ನಿಜವಲ್ಲ. 62 ಅಧ್ಯಯನಗಳನ್ನು ಕಲೆಹಾಕಿದ 2005ರ ಒಂದು ವಿಮರ್ಶೆಯಲ್ಲಿ, ಅವುಗಳ ಪೈಕಿ ಅರ್ಧಕ್ಕಿಂತ ಹೆಚ್ಚು ಅಧ್ಯಯನಗಳು ವೃತ್ತಿಯ ವರ್ಷಗಳು ಏರಿದಂತೆ ವೈದ್ಯರ ಕಾರ್ಯಗುಣ ಇಳಿಯುವುದನ್ನೇ ಕಂಡಿದ್ದವು. ಆದ್ದರಿಂದ ಮೂವತ್ತು ವರ್ಷ ದಾಟಿದ ನಿಮ್ಮ ವೈದ್ಯರು ಭಾನುವಾರ ಹೊರಡುವುದು ಒಳ್ಳೆಯದೇ. ಅವರು ಹಿಂತಿರುಗಿದ ಮೇಲೆ ನಿಮ್ಮ ಹಳೆಯ ಚೀಟಿಯನ್ನು ಮುಂದಿಟ್ಟು, ಇದರಲ್ಲೀಗ ಬದಲಿಸಬೇಕಾದದ್ದು ಏನಾದರೂ ಇದೆಯೇ ಎಂದು ಸಂಕೋಚವಿಲ್ಲದೆ ಕೇಳಿ.