ವೀಸಾಕ್ಕಿಂತ ಉದ್ದದ ಲೀಸ್ ಬೇಡ, ತಂಗಿ

ಅಕ್ಕ ಎಂದು ಕರೆದಿದ್ದೀಯ, ಹಾಗಾಗಿ ನಾನೂ ನೀನು ಎಂದೇ ಬರೆಯುತ್ತೇನೆ, ಬೇಜಾರಿಲ್ಲ ತಾನೆ? ನೀನು ಕೇಳಿದ್ದಿಷ್ಟು. ಯಜಮಾನರಿಗೆ ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಸ್ಕಿಲ್ಡ್ ವರ್ಕರ್ ವೀಸಾದ ಕೆಲಸ, ನೀನು ಅವರ ಡಿಪೆಂಡೆಂಟ್, ಅಂದರೆ ಅವರ ವೀಸಾದ ಮೇಲೆ ಹೆಂಡತಿಯಾಗಿ ಬಂದವಳು, ಬಂದು ಆರು ತಿಂಗಳು. ಊರಲ್ಲಿ ಅತ್ತೆಯವರ ಜೊತೆ ಚಕ್ಕುಲಿ, ಕೋಡುಬಳೆ, ಚಟ್ನಿಪುಡಿ ಮಾಡಿ ಮಾರುತ್ತಿದ್ದೆ, ಇಲ್ಲೂ ಮಾಡುವ ಆಸೆ. ಮನೆ ಹತ್ತಿರ ಅಂಗಡಿಯೊಂದು ಖಾಲಿ ಇದೆ, ಏಜೆಂಟ್ ಹತ್ತು ವರ್ಷದ ಲೀಸ್ ಎನ್ನುತ್ತಿದ್ದಾನೆ, ಮೊದಲ ಮೂರು ತಿಂಗಳು ಬಾಡಿಗೆ ಬೇಡವಂತೆ. ತಗೊಳ್ಳಲಾ? ಮತ್ತೆ, ಈ ದೇಶದಲ್ಲಿ ನಮ್ಮಂಥವರು ವ್ಯಾಪಾರ ಮಾಡಿ ಬದುಕಬಹುದಾ?

ಬದುಕಬಹುದು. ನಾನು ಮಿಲ್ಟನ್ ಕೀನ್ಸ್‌ನಲ್ಲಿ ದಿನಸಿ ಅಂಗಡಿ ಇಟ್ಟುಕೊಂಡೇ ಮಕ್ಕಳನ್ನು ಓದಿಸಿದವಳು. ಆದರೆ ಆ ಲೀಸಿಗೆ ಸಹಿ ಹಾಕಬೇಡ. ಈಗಂತೂ ಬೇಡವೇ ಬೇಡ.

ಯಾಕೆ ಅಂದರೆ, ನೀವಿಬ್ಬರೂ ಇಲ್ಲಿರುವುದು ಯಜಮಾನರ ಕಂಪನಿ ಕೊಟ್ಟ ಸ್ಪಾನ್ಸರ್‌ಶಿಪ್‌ನ ಮೇಲೆ. ದೇವರು ಹಾಗೆ ಮಾಡದಿರಲಿ, ಆ ಕೆಲಸ ಹೋಯಿತು ಅಂದುಕೋ. ಬೇರೆ ಸ್ಪಾನ್ಸರ್ ಹುಡುಕಿಕೊಳ್ಳಲು ಸಾಮಾನ್ಯವಾಗಿ ಸಿಗುವುದು 60 ದಿನ. ಅಷ್ಟರಲ್ಲಿ ಸಿಗದಿದ್ದರೆ ಊರಿಗೆ ಹೊರಡಬೇಕು. ಲೀಸ್ ಮಾತ್ರ ಹೊರಡುವುದಿಲ್ಲ. ಹತ್ತು ವರ್ಷ ಎಂದು ಬರೆದುಕೊಟ್ಟರೆ ಅಂಗಡಿ ಮುಚ್ಚಿದ್ದರೂ ಬಾಡಿಗೆ ಹತ್ತು ವರ್ಷದ್ದೇ. ಇಂಗ್ಲೆಂಡಿನ ವಾಣಿಜ್ಯ ಲೀಸುಗಳಲ್ಲಿ ಬಹಳಷ್ಟು ಇಂದಿಗೂ ಮೂರು ತಿಂಗಳಿಗೊಮ್ಮೆ ಮುಂಗಡ ಬಾಡಿಗೆ ಕೇಳುತ್ತವೆ: ಮಾರ್ಚ್ 25, ಜೂನ್ 24, ಸೆಪ್ಟೆಂಬರ್ 29, ಡಿಸೆಂಬರ್ 25. ಹೌದು, ಕ್ರಿಸ್ಮಸ್ ದಿನವೇ. ಯಾವುದೋ ಕಾಲದ ಪದ್ಧತಿ, ಯಾರೂ ಬಿಟ್ಟಿಲ್ಲ.

‘ಕಂಪನಿ ಹೆಸರಲ್ಲಿ ತಗೊಂಡರೆ ನಮ್ಮ ತಲೆಗೆ ಬರೋದಿಲ್ಲವಲ್ಲ’ ಎಂದು ನಿಮ್ಮವರು ಹೇಳಿದ್ದಾರೆ ಅಂತ ಬರೆದಿದ್ದೀಯ. ಲಿಮಿಟೆಡ್ ಕಂಪನಿಯ ಲಾಭ ಅದೇ, ನಿಜ. ಆದರೆ ನಿನ್ನೆ ಮೊನ್ನೆ ಹುಟ್ಟಿದ ಕಂಪನಿಯನ್ನು ಯಾವ ಮಾಲೀಕನೂ ನಂಬುವುದಿಲ್ಲ. ನಿನ್ನ ಸ್ವಂತ ಹೆಸರಿನ ಗ್ಯಾರಂಟಿ ಕೇಳುತ್ತಾನೆ, ಕೊಟ್ಟ ಮೇಲೆ ಕಂಪನಿ ಇದ್ದೂ ಇಲ್ಲದ ಹಾಗೆ. ಬೇರೆಯವರಿಗೆ ಲೀಸ್ ವರ್ಗಾಯಿಸಿ ಕೈ ತೊಳೆದುಕೊಳ್ಳೋಣ ಅಂದರೆ, ಮಾಲೀಕರು ಹೊಸಬರ ಬಾಡಿಗೆಗೂ ನಿನ್ನನ್ನೇ ಜಾಮೀನು ನಿಲ್ಲಿಸಬಹುದು. ಲೀಸುಗಳ ಬಗೆಗಿನ 1995ರ ಕಾಯ್ದೆಯೇ ಅದಕ್ಕೆ ದಾರಿ ಇಟ್ಟಿದೆ. ಜೊತೆಗೆ ರಿಪೇರಿ. ಫುಲ್ ರಿಪೇರಿಂಗ್ ಲೀಸ್ ಅಂದರೆ ನೀನು ಹೋಗುವ ಮೊದಲೇ ಸೋರುತ್ತಿದ್ದ ಮಾಡನ್ನೂ ನೀನೇ ಸರಿಮಾಡಿಸಿ ಬಿಟ್ಟುಕೊಡಬೇಕು. ನಮ್ಮ ಕಡೆಯವರೇ ಒಬ್ಬರು ಹೋಟೆಲ್ ಮುಚ್ಚಿ ಕೆಲಸಕ್ಕೆ ಸೇರಿದ ಮೇಲೂ ವರ್ಷಗಟ್ಟಲೆ ಸಂಬಳದಲ್ಲಿ ಆ ಹಳೆ ಬಾಡಿಗೆ ಕಟ್ಟಿದರು. ಅವರ ದೋಸೆ ಚೆನ್ನಾಗಿತ್ತು. ದೋಸೆಯಲ್ಲಿ ತಪ್ಪಿರಲಿಲ್ಲ.

ಹೊರಗಿನಿಂದ ಬಂದವರ ವ್ಯಾಪಾರ ಸರಕು ಕೆಟ್ಟದಾಗಿ ಮುಳುಗಿದ್ದನ್ನು ನಾನು ಕಂಡಿದ್ದು ಕಡಿಮೆ. ಹೆಚ್ಚಿನವು ಮುಳುಗಿದ್ದು, ಒಂದು ಪೊಟ್ಟಣವೂ ಮಾರುವ ಮೊದಲೇ ಬಿಡಿಸಿಕೊಳ್ಳಲಾಗದ ಕರಾರಿಗೆ ಸಹಿ ಹಾಕಿದ್ದರಿಂದ. ಮುಂದೆ ಅಂಗಡಿ ತಗೊಳ್ಳುವ ಕಾಲ ಬರಲಿ. ಆಗ ಚಿಕ್ಕ ಅವಧಿ ಕೇಳು. ಮಧ್ಯದಲ್ಲಿ ಬಿಟ್ಟುಹೋಗಲು ಬ್ರೇಕ್ ಕ್ಲಾಸ್ ಕೇಳು. ಒಳಗೆ ಹೋಗುವ ದಿನದ ಗೋಡೆ, ಮಾಡು, ನೆಲದ ಫೋಟೋ ತೆಗೆದು ಲೀಸಿಗೇ ಲಗತ್ತಿಸು. ಏಜೆಂಟ್ ಹೇಳಿದ ಸಾಲಿಸಿಟರ್, ಅಂದರೆ ಲಾಯರ್ ಹತ್ತಿರ ಹೋಗದೆ ನಿನ್ನದೇ ಸಾಲಿಸಿಟರ್ ಹಿಡಿ. ಇಂಗ್ಲೆಂಡಿನಲ್ಲಿ ಒಂದೇ ಅಂಗಡಿ ಇದ್ದು, ಅದರ ರೇಟಬಲ್ ವ್ಯಾಲ್ಯೂ (ಸರ್ಕಾರ ಅಂದಾಜಿಸಿದ ವರ್ಷದ ಬಾಡಿಗೆ ಮೌಲ್ಯ) 12,000 ಪೌಂಡ್‌ವರೆಗಿದ್ದರೆ ಕೌನ್ಸಿಲ್‌ಗೆ ಬಿಸಿನೆಸ್ ರೇಟ್ಸ್ ಎಂಬ ಸ್ಥಳೀಯ ತೆರಿಗೆ ಕಟ್ಟಬೇಕಾಗಿಲ್ಲ. ಆದರೆ ರಿಯಾಯಿತಿಗೆ ಅರ್ಜಿ ಹಾಕಬೇಕು, ತಾನಾಗಿ ಬರುವುದಿಲ್ಲ.

ಹಾಗಾದರೆ ಈಗೇನು ಮಾಡಬೇಕು? ಮನೆಯಿಂದ ಶುರು ಮಾಡು.

ಮೊದಲು ವೀಸಾದ ಮಾತು ಮುಗಿಸಿಬಿಡುತ್ತೇನೆ. ಡಿಪೆಂಡೆಂಟ್ ಆಗಿರುವ ನೀನು ಇಲ್ಲಿ ಸ್ವಂತ ವ್ಯಾಪಾರ ಮಾಡಬಹುದು. ಯಜಮಾನರು ಮಾಡುವಂತಿಲ್ಲ, ಅವರ ವೀಸಾ ಇಂಥ ವ್ಯಾಪಾರಕ್ಕೆ ಅವಕಾಶ ಕೊಡುವುದಿಲ್ಲ. ಆದ್ದರಿಂದ ವ್ಯಾಪಾರ ನಿನ್ನ ಹೆಸರಲ್ಲಿರಲಿ, ಬ್ಯಾಂಕ್ ಖಾತೆ ನಿನ್ನದಿರಲಿ, ದುಡಿಮೆಯೂ ನಿನ್ನದೇ ಇರಲಿ. ಶನಿವಾರ ಸ್ಟಾಲ್‌ನಲ್ಲಿ ‘ಸ್ವಲ್ಪ ಹೊತ್ತು ನಿಂತ್ಕೊಳ್ರೀ’ ಅಂತ ಅವರನ್ನು ಕೂರಿಸಿ ಹೋಗಬೇಡ. ಇನ್ನೊಂದು, ನಿಮ್ಮ ವೀಸಾದಲ್ಲಿ ಪಬ್ಲಿಕ್ ಫಂಡ್ಸ್, ಅಂದರೆ ಸರ್ಕಾರದ ನೆರವಿನ ಹಣ, ಇಲ್ಲ ಎಂದು ಇರುತ್ತದೆ. ವ್ಯಾಪಾರ ನಷ್ಟವಾದರೆ ಸರ್ಕಾರದ ಯೂನಿವರ್ಸಲ್ ಕ್ರೆಡಿಟ್ ಎಂಬ ಭತ್ಯೆ ನಿಮಗೆ ಸಿಗದು. ಕೈಯಲ್ಲಿರುವ ಉಳಿತಾಯವೇ ನಿಮ್ಮ ಆಸರೆ, ಅದನ್ನೆಲ್ಲ ಅಂಗಡಿಯ ಬಣ್ಣಕ್ಕೂ ಬೋರ್ಡಿಗೂ ಸುರಿಯಬೇಡ.

ಆಮೇಲೆ ಮನೆ ಮಾಲೀಕರನ್ನು ಕೇಳು. ಬಾಡಿಗೆ ಮನೆಯ ಕರಾರಿನಲ್ಲಿ ವ್ಯಾಪಾರ ಕೂಡದು ಎಂಬ ಸಾಲು ಸಾಮಾನ್ಯ. ಒಪ್ಪಿಗೆಯನ್ನು ಬಾಯಿಮಾತಲ್ಲಿ ಬಿಡದೆ ಇಮೇಲ್‌ನಲ್ಲಿ ಪಡೆದುಕೋ. ಮಾರಾಟ ಶುರುವಾಗುವ ಕನಿಷ್ಠ 28 ದಿನ ಮೊದಲು ಲೆಸ್ಟರ್ ಸಿಟಿ ಕೌನ್ಸಿಲ್‌ನಲ್ಲಿ ಫುಡ್ ಬಿಸಿನೆಸ್ ಎಂದು ನೋಂದಾಯಿಸಬೇಕು. ಅದಕ್ಕೆ ದುಡ್ಡಿಲ್ಲ. ಅಡುಗೆಮನೆ ನೋಡಲು ಕೌನ್ಸಿಲ್‌ನವರು ಬರುತ್ತಾರೆ, 0ಯಿಂದ 5ರವರೆಗೆ ರೇಟಿಂಗ್ ಕೊಡುತ್ತಾರೆ. ಹೆದರಬೇಡ. ಅವರು ನೋಡುವುದು ಶುಚಿತ್ವದ ಜೊತೆಗೆ ನೀನು ಬರೆದಿಟ್ಟ ದಾಖಲೆ. ಫುಡ್ ಸ್ಟ್ಯಾಂಡರ್ಡ್ಸ್ ಏಜೆನ್ಸಿ ‘ಸೇಫರ್ ಫುಡ್, ಬೆಟರ್ ಬಿಸಿನೆಸ್’ ಎಂಬ ಡೈರಿಯನ್ನು ಉಚಿತವಾಗಿ ಇಟ್ಟಿದೆ. ದಿನಾ ತುಂಬಿಸು. ನಮ್ಮ ಹೆಂಗಸರ ಅಡುಗೆಮನೆ ಕನ್ನಡಿಯ ಹಾಗಿರುತ್ತದೆ, ಡೈರಿ ಮಾತ್ರ ಖಾಲಿ ಇರುತ್ತದೆ. ಅಂಕ ಕಳೆದುಕೊಳ್ಳುವುದು ಅಲ್ಲೇ.

ಲೇಬಲ್ ವಿಷಯಕ್ಕೆ ಸ್ವಲ್ಪ ಹೊತ್ತು ಕೊಡಬೇಕು, ನಿನ್ನ ಸರಕಿಗೆ ಇದು ಪ್ರಾಣ ಉಳಿಸುವ ಮಾತು. 2016ರಲ್ಲಿ ನತಾಶಾ ಎಂಬ 15 ವರ್ಷದ ಹುಡುಗಿ ಬ್ರೆಡ್ಡಿನೊಳಗಿದ್ದ ಎಳ್ಳಿನ ಅಲರ್ಜಿಯಿಂದ ತೀರಿಕೊಂಡಳು. ಪೊಟ್ಟಣದ ಮೇಲೆ ಎಳ್ಳಿದೆ ಎಂದು ಬರೆದಿರಲಿಲ್ಲ. ಅವಳ ಹೆಸರಲ್ಲೇ ಕರೆಯುವ ನಿಯಮ 2021ರ ಅಕ್ಟೋಬರ್‌ನಿಂದ ಜಾರಿಯಲ್ಲಿದೆ: ನೀನೇ ತಯಾರಿಸಿ, ಕಟ್ಟಿ, ಸ್ಟಾಲ್‌ನಲ್ಲಿ ಮಾರುವ ಪೊಟ್ಟಣದ ಮೇಲೂ ಎಲ್ಲ ಪದಾರ್ಥಗಳ ಪಟ್ಟಿ ಇರಬೇಕು, 14 ಅಲರ್ಜಿ ಪದಾರ್ಥಗಳು ದಪ್ಪಕ್ಷರದಲ್ಲೋ ಬೇರೆ ಬಣ್ಣದಲ್ಲೋ ಎದ್ದು ಕಾಣಬೇಕು. ಈಗ ನಿನ್ನ ಡಬ್ಬಗಳನ್ನು ನೋಡು. ಚಕ್ಕುಲಿಯಲ್ಲಿ ಎಳ್ಳು. ಚಟ್ನಿಪುಡಿಯಲ್ಲಿ ಶೇಂಗಾ. ಒಗ್ಗರಣೆಯಲ್ಲಿ ಸಾಸಿವೆ, ಅದೂ ಪಟ್ಟಿಯಲ್ಲಿದೆ. ಹಿಟ್ಟಿಗೆ ಬೆಣ್ಣೆ ಕಲಸಿದರೆ ಹಾಲು. ಎಲ್ಲರೂ ಮರೆಯುವುದು ಇಂಗು. ಅಂಗಡಿಯ ಇಂಗಿನ ಪುಡಿಗೆ ಬಹುಪಾಲು ಗೋಧಿಹಿಟ್ಟು ಬೆರೆಸಿರುತ್ತಾರೆ. ಬರೀ ಅಕ್ಕಿ, ಉದ್ದಿನದು ಎಂದುಕೊಂಡು ಗ್ಲುಟನ್ ಇಲ್ಲ ಅಂತ ಬರೆದುಬಿಟ್ಟರೆ ಗೋಧಿ ಆಗದವರ ಹೊಟ್ಟೆಗೆ ನೀನೇ ಗೋಧಿ ಕೊಟ್ಟ ಹಾಗೆ. ಬೇರೆಯವರ ಅಂಗಡಿಯ ಕಪಾಟಿಗೆ ಕೊಡುವುದಾದರೆ ಲೇಬಲ್ ಇನ್ನೂ ಪೂರ್ತಿಯಾಗಿರಬೇಕು. ತೂಕ, ಕೊನೆಯ ದಿನಾಂಕ, ವಿಳಾಸ, ಎಲ್ಲವೂ. ನಿನ್ನ ತಿನಿಸಿನಿಂದ ಯಾರಿಗಾದರೂ ತೊಂದರೆಯಾದರೆ ಪರಿಹಾರ ಕಟ್ಟುವ ಪಬ್ಲಿಕ್ ಮತ್ತು ಪ್ರಾಡಕ್ಟ್ ಲಯಬಿಲಿಟಿ ಇನ್ಶೂರೆನ್ಸ್ ಮಾಡಿಸದೆ ಒಂದು ಕೋಡುಬಳೆಯನ್ನೂ ಮಾರಬೇಡ.

ಇನ್ನು ಯಾರಿಗೆ ಮಾರುವುದು? ಲೆಸ್ಟರ್‌ನ ಬೆಲ್‌ಗ್ರೇವ್ ರೋಡಿಗೆ ಹೋಗಿರುತ್ತೀಯ. 1972ರಲ್ಲಿ ಉಗಾಂಡಾದಿಂದ ಹೊರದಬ್ಬಿಸಿಕೊಂಡ ಗುಜರಾತಿಗಳು ಅಲ್ಲಿ ನೆಲೆ ನಿಂತರು. ಲೆಸ್ಟರ್ ಕೌನ್ಸಿಲ್ ಆಗ ಉಗಾಂಡಾದ ಪತ್ರಿಕೆಯಲ್ಲಿ ‘ನಮ್ಮೂರಿಗೆ ಬರಬೇಡಿ’ ಎಂದು ಜಾಹೀರಾತನ್ನೇ ಹಾಕಿಸಿತ್ತು! ಈಗ ಅದೇ ಬೀದಿಯನ್ನು ಗೋಲ್ಡನ್ ಮೈಲ್ ಎಂದು ಊರೇ ಹೆಮ್ಮೆಯಿಂದ ತೋರಿಸುತ್ತದೆ. ಹೇಳಬೇಕೆಂದಿದ್ದು ಏನೆಂದರೆ, ಅವರೂ ಚಕ್ರಿ ಎಂದು ಚಕ್ಕುಲಿ ಕರಿಯುತ್ತಾರೆ. ದೊಡ್ಡ ಬಾಣಲೆಯಲ್ಲಿ, ಕಡಿಮೆ ದರಕ್ಕೆ. ಆ ಬೀದಿಯಲ್ಲಿ ನಿಂತು ಅವರ ಜೊತೆ ದರದ ಜಗಳಕ್ಕೆ ಇಳಿದರೆ ನೀನು ಗೆಲ್ಲುವುದಿಲ್ಲ. ಅಲ್ಲಿ ಸಿಗದೇ ಇರುವುದು ಕೋಡುಬಳೆ, ಶೇಂಗಾ ಚಟ್ನಿಪುಡಿ, ಸಾರಿನ ಪುಡಿ, ಹುರಿಟ್ಟು. ಇವನ್ನು ಹುಡುಕುವವರು ಲೆಸ್ಟರ್‌ನಲ್ಲಿ ಬೆರಳೆಣಿಕೆ ಇರಬಹುದು, ಆದರೆ ರೆಡಿಂಗ್, ಸ್ಲೌ, ಲಂಡನ್, ಮ್ಯಾಂಚೆಸ್ಟರ್ ಎಂದು ದೇಶದ ತುಂಬ ಚದುರಿದ್ದಾರೆ. ಅವರಿಗೆ ಬೇಕಾದದ್ದು ಅಂಚೆಯಲ್ಲಿ ಪುಡಿಯಾಗದೆ ಬರುವ ಡಬ್ಬ, ನಿನ್ನ ಅಂಗಡಿಯಲ್ಲ. ಪುಡಿಗಳಿಂದ ಶುರು ಮಾಡು. ಅವು ಮುರಿಯುವುದಿಲ್ಲ, ಬೇಗ ಕೆಡುವುದಿಲ್ಲ, ಮನೆ ತುಂಬ ಎಣ್ಣೆ ಹೊಗೆ ಏಳುವುದೂ ಇಲ್ಲ. ಯುಗಾದಿ, ದೀಪಾವಳಿ, ರಾಜ್ಯೋತ್ಸವದ ಕನ್ನಡ ಕಾರ್ಯಕ್ರಮಗಳಲ್ಲಿ ಮೇಜು ಹಾಕು. ಹೊಗಳಿಕೆಯನ್ನು ಲೆಕ್ಕಕ್ಕೆ ಹಿಡಿಯಬೇಡ. ‘ಅಮ್ಮನ ನೆನಪಾಯ್ತು’ ಅಂತ ಕಣ್ಣೊರೆಸಿಕೊಂಡವರಲ್ಲಿ ಎರಡನೇ ಸಲ ದುಡ್ಡು ಕೊಟ್ಟು ತರಿಸಿಕೊಂಡವರು ಎಷ್ಟು, ಅದನ್ನು ನೋಡು.

ದರ ಹಾಕುವಾಗ ನಿನ್ನ ಕೂಲಿ ಸೇರಿಸು. ಊರಲ್ಲಿ ನಾವ್ಯಾರೂ ಸೇರಿಸುವುದಿಲ್ಲ. ಇಲ್ಲಿ ಕನಿಷ್ಠ ಕೂಲಿ 2025ರ ಏಪ್ರಿಲ್‌ನಲ್ಲಿ ಗಂಟೆಗೆ 12.21 ಪೌಂಡ್ ಆಯಿತು, ಪ್ರತಿ ಏಪ್ರಿಲ್‌ನಲ್ಲಿ ಏರುತ್ತಿರುತ್ತದೆ. ಮೂರು ಗಂಟೆಗೆ 20 ಪೊಟ್ಟಣ ಆಗುತ್ತದೆ ಅಂದುಕೋ. ಕೂಲಿಯೇ ಪೊಟ್ಟಣಕ್ಕೆ 1.83 ಬಿತ್ತು. ಸಾಮಾನು, ಪೊಟ್ಟಣ, ಗ್ಯಾಸು ಎಲ್ಲ ಸೇರಿ ಒಂದು ಪೌಂಡ್ ಎಂದಿಟ್ಟರೆ 2.83. ಮೂರು ಪೌಂಡಿಗೆ ಮಾರಿ ಲಾಭ ಅಂದುಕೊಳ್ಳುತ್ತೀಯ. ಅಂಗಡಿಯವರು ತಮ್ಮ ಪಾಲು ಮೂರನೇ ಒಂದು ಭಾಗ ಕೇಳಿದ ದಿನ ನಿನ್ನ ಕೈಗೆ ಬರುವುದು ಎರಡೇ ಪೌಂಡ್. ಅಂಗಡಿಗೆ ಕೊಡುವ ಯೋಚನೆ ಇದ್ದರೆ ಮೊದಲ ದಿನದಿಂದಲೇ ಅದಕ್ಕೆ ಎಡೆ ಇರುವ ದರ ಹಾಕು. ನಮ್ಮ ಜನ ಚೌಕಾಸಿ ಮಾಡುತ್ತಾರೆ, ಸಹಿಸಿಕೋ. ಇಂಗ್ಲಿಷರು ಚೌಕಾಸಿಯನ್ನೂ ಮಾಡುವುದಿಲ್ಲ, ದೂರನ್ನೂ ಹೇಳುವುದಿಲ್ಲ. ಹಿಡಿಸದಿದ್ದರೆ ‘ಲವ್ಲಿ’ ಅಂದು ಹೋಗಿ ಮತ್ತೆ ಬರುವುದೇ ಇಲ್ಲ. ಅವರ ಬಾಯಿ ಬಿಡಿಸಿ ಕೇಳುವುದನ್ನು ಕಲಿಯಬೇಕು.

ತೆರಿಗೆ ಕಷ್ಟವಲ್ಲ, ಅದರ ವೇಳಾಪಟ್ಟಿ ಮೋಸ ಮಾಡುತ್ತದೆ. ಸದ್ಯಕ್ಕೆ ಕಂಪನಿ ಬೇಡ, ಸೋಲ್ ಟ್ರೇಡರ್, ಅಂದರೆ ನಿನ್ನೊಬ್ಬಳ ಹೆಸರಿನ ವ್ಯಾಪಾರ, ಸಾಕು. ವರ್ಷದ ವ್ಯಾಪಾರ 1,000 ಪೌಂಡ್ ದಾಟಿದರೆ, ಏಪ್ರಿಲ್ 5ಕ್ಕೆ ಆ ತೆರಿಗೆ ವರ್ಷ ಮುಗಿದ ಮೇಲೆ ಬರುವ ಅಕ್ಟೋಬರ್ 5ರೊಳಗೆ ತೆರಿಗೆ ಇಲಾಖೆಯಾದ ಎಚ್‌ಎಂಆರ್‌ಸಿಯಲ್ಲಿ ನೋಂದಾಯಿಸು. ಮೇ ತಿಂಗಳಲ್ಲಿ ಶುರು ಮಾಡಿದೆ ಅಂತಿಟ್ಟುಕೋ. ಮೊದಲ ತೆರಿಗೆ ಕಟ್ಟುವುದು ಆಮೇಲೆ ಬರುವ ಮೊದಲ ಜನವರಿ 31ಕ್ಕಲ್ಲ, ಎರಡನೆಯದಕ್ಕೆ. ಅಲ್ಲಿಯವರೆಗೆ ಯಾರೂ ಕೇಳುವುದಿಲ್ಲ, ದುಡ್ಡೆಲ್ಲ ನಮ್ಮದೇ ಅನ್ನಿಸುತ್ತದೆ. ತೆರಿಗೆಯ ಬಿಲ್ 1,000 ಪೌಂಡ್ ದಾಟಿತೋ, ಮುಂದಿನ ವರ್ಷದ ಅರ್ಧವನ್ನೂ ಅದೇ ದಿನ ಮುಂಗಡ ಕೇಳುತ್ತಾರೆ, ಇನ್ನರ್ಧ ಜುಲೈ 31ಕ್ಕೆ. 2,000 ಎಂದುಕೊಂಡ ಬಿಲ್ ಜನವರಿಯಲ್ಲಿ 3,000 ಆಗುತ್ತದೆ. ಒಟ್ಟು ಆದಾಯ 12,570 ದಾಟುವವರೆಗೆ ಆದಾಯ ತೆರಿಗೆ ಇಲ್ಲ, ದಾಟಿದ ಲಾಭಕ್ಕೆ 20 ಪ್ರತಿಶತ ತೆರಿಗೆ, 6 ಪ್ರತಿಶತ ನ್ಯಾಷನಲ್ ಇನ್ಶೂರೆನ್ಸ್ ವಂತಿಗೆ. ಬಂದ ಲಾಭದಲ್ಲಿ ಕಾಲುಭಾಗವನ್ನು ಬೇರೆ ಖಾತೆಗೆ ಹಾಕಿ ಮರೆತುಬಿಡು. ವ್ಯಾಟ್ ನೋಂದಣಿ ಹನ್ನೆರಡು ತಿಂಗಳ ವಹಿವಾಟು 90,000 ದಾಟುವವರೆಗೆ ಕಡ್ಡಾಯವಲ್ಲ. ಆ ಹೊತ್ತಿಗೆ ಅಕೌಂಟೆಂಟ್ ಇಟ್ಟುಕೊಂಡಿರುತ್ತೀಯ. ತಿನಿಸಿನ ವ್ಯಾಟ್ ಎಷ್ಟು ಗೋಜಲು ಅಂದರೆ, ಹಪ್ಪಳದಂಥದ್ದೊಂದು ಆಲೂಗಡ್ಡೆ ಚಿಪ್ಸಿನ ಜಾತಿಯೋ ಅಲ್ಲವೋ ಎಂದು 2024ರಲ್ಲಿ ಟ್ರಿಬ್ಯೂನಲ್ ತೀರ್ಮಾನ ಮಾಡಬೇಕಾಯಿತು. ಚಿಪ್ಸಿನ ಜಾತಿಯೇ ಎಂದರು, 20 ಪ್ರತಿಶತ ವ್ಯಾಟ್ ಬಿತ್ತು.

ಅಂಗಡಿಗಳಿಗೆ ಸರಕನ್ನು ಸಾಲಕ್ಕೆ ಕೊಡುವ ಮಾತು ಬಂದರೆ ಇನ್‌ವಾಯ್ಸ್ ಮೇಲೆ 30 ದಿನ ಎಂದು ಬರೆ. ತಡ ಮಾಡಿದರೆ ಬ್ಯಾಂಕ್ ಆಫ್ ಇಂಗ್ಲೆಂಡ್ ದರದ ಮೇಲೆ 8 ಪ್ರತಿಶತ ಬಡ್ಡಿ ಕೇಳುವ ಹಕ್ಕು 1998ರ ಕಾಯ್ದೆಯಲ್ಲಿದೆ. ನಮ್ಮವರೇ ಹೆಚ್ಚು ಎಳೆದಾಡುತ್ತಾರೆ, ಬೇಜಾರಿನ ಸಂಗತಿ. ‘ನಾವು ನಾವೇ ಅಲ್ವಾ’ ಎಂದರೂ ಮೊದಲ ಬಾಕಿ ವಸೂಲಿ ಮಾಡಿಕೊಂಡೇ ಎರಡನೇ ಡಬ್ಬ ಕೊಡು.

ಮತದಾರರ ಪಟ್ಟಿಗೆ ಹೆಸರು ಸೇರಿಸಿದ್ದೀರಾ? ಭಾರತೀಯರು ಕಾಮನ್‌ವೆಲ್ತ್ ಪ್ರಜೆಗಳು, ವೀಸಾದಲ್ಲಿದ್ದರೂ ಇಲ್ಲಿ ಮತ ಹಾಕಬಹುದು. ಅದಕ್ಕಿಂತ ಹೆಚ್ಚಾಗಿ, ಆ ಪಟ್ಟಿಯಲ್ಲಿ ಹೆಸರಿದ್ದರೆ ಕ್ರೆಡಿಟ್ ದಾಖಲೆ ಗಟ್ಟಿಯಾಗುತ್ತದೆ, ಬ್ಯಾಂಕಿನವರು ನಿಮ್ಮನ್ನು ಗುರುತಿಸುತ್ತಾರೆ. ಐದು ನಿಮಿಷದ ಕೆಲಸ, ಈ ವಾರವೇ ಮಾಡಿ.

ಮುಂದಿನ ತಿಂಗಳು ಅತ್ತೆಯವರು ಬರುವಾಗ ಏನೇನು ತರಿಸಲಿ ಎಂದು ಕೇಳಿದ್ದೀಯ. ಹಿತ್ತಾಳೆಯ ಚಕ್ಕುಲಿ ಒರಳು ತರಲಿ. ಬೆಣ್ಣೆ, ತುಪ್ಪ ಬೇಡ, ಹಾಲಿನ ಪದಾರ್ಥ ಭಾರತದಿಂದ ತರುವಂತಿಲ್ಲ, ವಿಮಾನ ನಿಲ್ದಾಣದಲ್ಲೇ ಕಿತ್ತುಕೊಳ್ಳುತ್ತಾರೆ. ಅಲ್ಲಿನ ತಕ್ಕಡಿಯೂ ಬೇಡ. ತೂಕ ಮಾಡಿ ಮಾರಲು ಇಲ್ಲಿನ ಮುದ್ರೆ ಇರುವ ತಕ್ಕಡಿಯೇ ಆಗಬೇಕು, ಆನ್‌ಲೈನ್‌ನಲ್ಲಿ ಸಿಗುತ್ತದೆ. ಕೊಳ್ಳುವಾಗ ಟ್ರೇಡ್ ಅಪ್ರೂವ್ಡ್ ಎಂದು ಬರೆದಿದೆಯೇ ನೋಡಿಕೋ. ಏಜೆಂಟ್ ಇನ್ನೊಮ್ಮೆ ಫೋನ್ ಮಾಡಿದರೆ ಒಂದು ವರ್ಷ ಬಿಟ್ಟು ಮಾತಾಡೋಣ ಅನ್ನು. ಆ ಅಂಗಡಿ ಹೋದರೆ ಹೋಗಲಿ, ಆ ಬೀದಿಯಲ್ಲಿ ಖಾಲಿ ಅಂಗಡಿಗೆ ಬರವಿಲ್ಲ.