ಹಬ್ಬದ ಹೊತ್ತಲ್ಲಿ ಸಾವಿನ ಮಾತೇ?

ವಿರಾಜಪೇಟೆ ಕಡೆಯ ಓದುಗರೊಬ್ಬರ ಪತ್ರ: ‘ಪುತ್ತರಿ (ಕೊಡಗಿನ ಸುಗ್ಗಿ ಹಬ್ಬ) ಸಂಚಿಕೆಯಲ್ಲಿ ಸಾವಿನ ಬಗ್ಗೆ ಲೇಖನ ಹಾಕಿದ್ದೀರಿ. ಹಬ್ಬದ ಹೊತ್ತಲ್ಲಿ ಇದೆಲ್ಲ ಬೇಕಿತ್ತಾ? ಮನೆಯಲ್ಲಿ ವಯಸ್ಸಾದವರಿದ್ದಾರೆ. ಖುಷಿ ಕೊಡುವಂಥದ್ದು ಏನಾದರೂ ಬರೆಯಿರಿ.’

ಸಂಪಾದಕರ ಉತ್ತರ: ಖುಷಿ ಕೊಡಲಿ ಎಂದೇ ಹಾಕಿದ್ದು, ಸ್ವಾಮಿ. ಸಾವನ್ನು ನೆನೆದವರ ಬದುಕಿನಲ್ಲೇ ಖುಷಿ ಜಾಸ್ತಿ ಎಂಬುದೇ ಆ ಲೇಖನದ ಸಾರ.

ನಿಮ್ಮ ಮಾತಿನಲ್ಲಿ ನ್ಯಾಯವಿಲ್ಲ ಅನ್ನುವುದಿಲ್ಲ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿದು ಮನೆಯವರನ್ನು ಕಳೆದುಕೊಂಡವರ ಮುಂದೆ ‘ಸಾವನ್ನು ನೆನೆದರೆ ಆನಂದ’ ಎಂದು ಪ್ರವಚನ ಮಾಡುವಷ್ಟು ದಡ್ಡ ನಾನಲ್ಲ.

ಆದರೆ ಹಬ್ಬ ಅಂದಿರಲ್ಲ, ಅಲ್ಲೇ ಸಿಕ್ಕಿಬಿದ್ದಿರಿ. ಕೊಡವರ ಐನ್‌ಮನೆಯಲ್ಲಿ, ಅಂದರೆ ಕುಟುಂಬದ ಮೂಲ ಮನೆಯಲ್ಲಿ, ಕಾರಣವರಿಗೆ, ಅಂದರೆ ತೀರಿಹೋದ ಹಿರಿಯರಿಗೆ, ಎಡೆ ಇಡುತ್ತಾರೆ. ಬಾಳೆಲೆಯಲ್ಲಿ ಅನ್ನ, ಮಾಂಸ, ಜೊತೆಗೆ ಒಂದಿಷ್ಟು ಮದ್ಯ. ನಮ್ಮ ಊಟ ಆಮೇಲೆ. ಅವರ ನೆನಪಿನ ಪುಟ್ಟ ಗುಡಿ, ಕೈಮಡವೂ ಮನೆಯ ಹತ್ತಿರವೇ. ನಾಳೆ ನಮಗೂ ಇದೇ ಎಡೆ ಎಂದು ಗೊತ್ತಿದ್ದವರು ಊಟಕ್ಕೆ ಕೂರುವ ರೀತಿಯೇ ಬೇರೆ. ಅವಸರ ಇಲ್ಲ, ನಗು ಜಾಸ್ತಿ, ಜಗಳ ಕಮ್ಮಿ. (ತೋಟದ ಪಾಲಿನ ಮಾತು ಬಾರದಿದ್ದರೆ!)

ಹಳೆಯ ಈಜಿಪ್ಟಿನ ಸಿರಿವಂತರ ಔತಣದಲ್ಲಿ ಪೆಟ್ಟಿಗೆಯೊಳಗಿನ ಮರದ ಹೆಣವನ್ನು ಎಲ್ಲರಿಗೂ ತೋರಿಸುತ್ತಿದ್ದರಂತೆ. ಇದನ್ನು ನೋಡಿ, ಕುಡಿದು ಖುಷಿಪಡಿ, ಸತ್ತ ಮೇಲೆ ನೀವೂ ಹೀಗೇ ಎನ್ನುತ್ತಿದ್ದರು ಎಂದು ಗ್ರೀಕ್ ಚರಿತ್ರೆಕಾರ ಹೆರೊಡೋಟಸ್ ಬರೆದಿದ್ದಾನೆ. ಅಷ್ಟು ದೂರ ಯಾಕೆ, ಕುಶಾಲನಗರದಿಂದ ಹೊಳೆ ದಾಟಿದರೆ ಬೈಲಕುಪ್ಪೆ. 1963ರಲ್ಲಿ ಶುರುವಾದ ಟಿಬೆಟನ್ ಬೌದ್ಧರ ನಾಮ್‌ಡ್ರೋಲಿಂಗ್ ಮಠ ಅಲ್ಲಿದೆ. ಆ ಪರಂಪರೆಯ ಭಿಕ್ಷುಗಳ ಸಾಧನೆಯ ಮೊದಲ ಪಾಠಗಳಲ್ಲೇ ಸಾವಿನ ಚಿಂತನೆ ಬರುತ್ತದೆ. ಕುಶಾಲನಗರದ ಪೇಟೆಯಲ್ಲಿ ಅವರು ನಗುತ್ತಾ ತರಕಾರಿ ಚೌಕಾಸಿ ಮಾಡುವುದನ್ನು ನೀವೂ ನೋಡಿರುತ್ತೀರಿ, ಅಲ್ವಾ?

ನನಗೆ ಗೊತ್ತಿರುವ ಬೆಳೆಗಾರರೊಬ್ಬರು ಕಾಫಿ ಗಿಡ ಹೂ ಬಿಡಿಸುವ ಹೂಮಳೆ ಬಿತ್ತೆಂದರೆ ಇಳುವರಿ ಲೆಕ್ಕಕ್ಕೆ ಕೂರುತ್ತಿದ್ದರು. ಹೃದಯ ಕೈಕೊಟ್ಟ ಮೇಲೆ ತೋಟದಲ್ಲಿ ಕುರ್ಚಿ ಹಾಕಿಸಿಕೊಂಡು ಸುಮ್ನೆ ಕೂರುತ್ತಾರೆ. ಕಾಫಿ ಹೂವಿನ ಘಮ ಎರಡು ಮೂರು ದಿನ, ಅಷ್ಟೇ. ‘ಇಷ್ಟು ವರ್ಷ ಇದೆಲ್ಲಿತ್ತು ಮಾರಾಯಾ?’ ಎಂದು ನನ್ನನ್ನೇ ಕೇಳಿದರು!

ನಾವೋ, ಸಾವನ್ನು ಬಚ್ಚಿಡುತ್ತೇವೆ. ಮೊದಲೆಲ್ಲ ಸಾವಿನ ಸುದ್ದಿ ಸಾರುವ ಜೋಡಿ ಗುಂಡಿನ ಸದ್ದು ಕೇಳಿದರೆ ಊರವರು ಕೈಯ ಕೆಲಸ ಬಿಟ್ಟು ಸಾವಿನ ಮನೆಗೆ ನಡೆಯುತ್ತಿದ್ದರು. ಈಗ ವಾಟ್ಸಾಪ್‌ನಲ್ಲಿ ಕೈಮುಗಿದ ಚಿತ್ರ ಹಾಕಿದರೆ ಮುಗಿಯಿತು. ಮಕ್ಕಳನ್ನಂತೂ ಕರೆದೊಯ್ಯುವುದಿಲ್ಲ, ಅವರಿಗೆ ಟ್ಯೂಷನ್. ಮಡಿಕೇರಿಯ ಗದ್ದಿಗೆಗೆ ಬಂದವರಿಗೆ ಅದು ರಾಜರ ಸಮಾಧಿ ಎಂಬುದೇ ಮರೆತಿರುತ್ತದೆ, ಸೆಲ್ಫಿ ಚೆನ್ನಾಗಿ ಬಂದರೆ ಸಾಕು. ಇನ್ನು ಇಳಿಜಾರು ಗುಡ್ಡವನ್ನು ಜೆಸಿಬಿಯಲ್ಲಿ ಕಡಿದು ರೆಸಾರ್ಟ್ ಕಟ್ಟುವವರ ಕಥೆ! ತಾನು ಸಾಯುವುದೇ ಇಲ್ಲ ಅಂದುಕೊಂಡವನು ಮಾತ್ರ ಹಾಗೆ ಅಗೆಯಲು ಸಾಧ್ಯ. ಅಂಥವರ ಜಾಹೀರಾತು ಬೇಡ ಅಂದಿದ್ದಕ್ಕೆ ನಮ್ಮ ಪತ್ರಿಕೆಯ ಪುಟ ಕಮ್ಮಿಯಾಗಿದೆ, ಗಮನಿಸಿರಬಹುದು.

ನಿಮ್ಮ ಮನೆಯ ಹಿರಿಯರಿಗೆ ಆ ಲೇಖನ ಒಮ್ಮೆ ಓದಿ ಹೇಳಿ. ಅವರಿಗೆ ಬೇಜಾರಾದರೆ ಅವರೇ ನನಗೆ ಬರೆಯಲಿ, ಪೂರ್ತಿ ಅಚ್ಚು ಹಾಕುತ್ತೇನೆ. ಮುಂದಿನ ಸಂಚಿಕೆಯಲ್ಲಿ ಗದ್ದಿಗೆಗಳ ಬಗ್ಗೆ ನಾಲ್ಕು ಪುಟ ಇದೆ. ಬೇಡ ಅನ್ನಿಸಿದರೆ ನೇರ ಅಡುಗೆ ಪುಟಕ್ಕೆ ಹೋಗಿ.