ಮಷಿನ್ ಕೊಡಿಸಿದ ಮೇಲೂ ಹೆಂಡತಿಗೆ ದಣಿವು ಯಾಕೆ?

‘ಗ್ಯಾಸ್, ಮಿಕ್ಸಿ, ವಾಷಿಂಗ್ ಮಷಿನ್ ಎಲ್ಲಾ ಕೊಡಿಸಿದ್ದೇನೆ. ಆದರೂ ಮನೆಯಲ್ಲೇ ಇರುವ ಹೆಂಡತಿ ದಣಿದೆ ಅನ್ನುತ್ತಾಳೆ. ಅಷ್ಟೇನು ಕೆಲಸ?’ ಅಂತ ಕೇಳಿದ್ದೀರಿ.

ನಾನೂ ಇದೇ ಮಾತು ಆಡಿದವನೇ, ಅದೂ ಜೋರಾಗಿ. ಕಳೆದ ಚಳಿಗಾಲ ನನ್ನ ಹೆಂಡತಿ ತಂಗಿಯ ಬಾಣಂತನಕ್ಕೆಂದು ಗದಗಿನ ತವರಿಗೆ ಹನ್ನೊಂದು ದಿನ ಹೋದಳು. ‘ತವರಿಗೆ ಹೋಗ್ಯಾಳ, ಆರಾಮ ಅದಾಳ’ ಅಂತ ಆಫೀಸಿನಲ್ಲಿ ಹೇಳಿಕೊಂಡು ತಿರುಗಿದೆ. (ಬಾಣಂತಿಗೂ ಕೂಸಿಗೂ ಎಣ್ಣೆ ಹಚ್ಚಿ ನೀರು ಹಾಕುವವಳು ಅದು ಹೇಗೆ ಆರಾಮ ಇರುತ್ತಾಳೋ!) ಇತ್ತ ಹುಬ್ಬಳ್ಳಿಯಲ್ಲಿ ನಾನು, ಅವ್ವ, ಇಬ್ಬರು ಮಕ್ಕಳು.

ಅನ್ನ-ಸಾರು ಹೇಗೋ ಆಯಿತು. ರೊಟ್ಟಿ ಬಡಿಯಲು ಹೋದರೆ ಅವ್ವನೇ ಬಿಡಲಿಲ್ಲ. ‘ಗಂಡಮಗಾ ಹಂಚಿನ ಮುಂದ ನಿಂತ್ರ ಓಣ್ಯಾಗಿನ ಮಂದಿ ಏನಂದಾರು?’ ಮೊಣಕಾಲು ನೋವಿನ ಅವಳಿಂದ ರೊಟ್ಟಿ ಮಾಡಿಸಲು ನನಗೆ ಮನಸ್ಸಾಗಲಿಲ್ಲ. ಹಿಂದಿನ ಓಣಿಯಲ್ಲಿ ರೊಟ್ಟಿ ಮಾಡಿ ಮಾರುವ ಅಕ್ಕನ ಹತ್ತಿರ ದಿನಾ ಹದಿನೈದು ತಂದೆ, ಒಂದಕ್ಕೆ 8 ರೂಪಾಯಿ. ದಿನಕ್ಕೆ 120 ಆಯಿತು. ಗೃಹಲಕ್ಷ್ಮಿಯ ತಿಂಗಳ 2,000 ರೂಪಾಯಿ ಬರೀ ರೊಟ್ಟಿಗೇ ಹದಿನಾರು ದಿನದಲ್ಲಿ ಖಲಾಸ್.

ಆದರೆ ನನ್ನ ಸೊಕ್ಕು ಇಳಿಸಿದ್ದು ನೀರು. ಅವಳಿ ನಗರದ ಕೆಲವು ವಾರ್ಡುಗಳಿಗೆ 2008ರ ಹೊತ್ತಿಗೇ 24 ತಾಸು ನೀರು ಬಂತು. ನಮ್ಮ ಓಣಿಗೆ ಇನ್ನೂ ವಾರಕ್ಕೊಮ್ಮೆ, ಅದೂ ಹೊತ್ತಿಲ್ಲ ಗೊತ್ತಿಲ್ಲ. ಆರನೇ ದಿನ ರಾತ್ರಿ ಎರಡಕ್ಕೆ ನೀರು ಬಂದು ಹೋದವಂತೆ. ನಾನು ಗೊರಕೆ ಹೊಡೆಯುತ್ತಿದ್ದೆ. ಆಮೇಲೆ ಅವಳು ಬರುವವರೆಗೂ ವಾಷಿಂಗ್ ಮಷಿನ್ ಇತ್ತು, ಅದರ ಮೇಲೆ ಬಟ್ಟೆಯ ಗುಡ್ಡವೂ ಇತ್ತು. ಫೋನ್ ಮಾಡಿದರೆ ಹೇಳಿದಳು: ‘ನೀರ ಬರೂ ದಿನ ನಾ ನಳಾ ಬಿಟ್ಟು, ಕೆಳಗ ಸ್ಟೀಲ್ ತಾಟ ಬೋರಲ ಇಟ್ಟ ಮಲಗತೀನ್ರೀ. ಸಪ್ಪಳಕ್ಕ ಎಚ್ಚರ ಆಗ್ತದ.’

ಹದಿನಾಲ್ಕು ವರ್ಷ ಅದೇ ಮನೆಯಲ್ಲಿ ಮಲಗಿದ್ದೇನೆ. ಆ ತಾಟು ಒಮ್ಮೆಯೂ ಕಂಡಿರಲಿಲ್ಲ.

ನಿಮ್ಮ ಮಷಿನ್ ವಿಷಯಕ್ಕೆ ಬರುತ್ತೇನೆ. ಕೇಂದ್ರ ಸರ್ಕಾರದ ಸಮಯ ಬಳಕೆ ಸಮೀಕ್ಷೆ 2019ರಲ್ಲಿ ಆಯಿತು, 2024ರಲ್ಲಿ ಮತ್ತೆ ಆಯಿತು. ಸಂಬಳವಿಲ್ಲದ ಮನೆಗೆಲಸಕ್ಕೆ ಹೆಂಗಸರು ಕೊಟ್ಟದ್ದು ದಿನಕ್ಕೆ 299 ನಿಮಿಷ, ಐದು ವರ್ಷದ ಮೇಲೆ 289. ಗಂಡಸರದು 97 ಇದ್ದದ್ದು 88. ಅವರಿಗೆ ಹತ್ತು ನಿಮಿಷ ಉಳಿದರೆ, ನಾವೂ ಸುಮ್ಮನಿರದೆ ಒಂಬತ್ತು ಉಳಿಸಿಕೊಂಡೆವು! ಅದೂ ಮನೆಗೆಲಸ ಮಾಡಿದವರ ಸರಾಸರಿ. ಕೈಯೇ ಹಚ್ಚದವರು ಈ ಲೆಕ್ಕದಲ್ಲಿಲ್ಲ. 2019ರಲ್ಲಿ ಕೈ ಹಚ್ಚಿದ ಗಂಡಸರು ನೂರಕ್ಕೆ 26 ಮಂದಿ.

ಆ ಸಮೀಕ್ಷೆಯಲ್ಲಿ ನಸುಕಿನ 4ರಿಂದ ಮರುದಿನ ನಸುಕಿನ 4ರವರೆಗೆ ಅರ್ಧರ್ಧ ತಾಸಿನ ಖಾನೆ ಹಾಕಿ ಏನು ಮಾಡಿದಿರಿ ಅಂತ ಬರೆದುಕೊಳ್ಳುತ್ತಾರೆ. ತಾಟಿನ ಸಪ್ಪಳಕ್ಕೆ ಒಂದು ಕಿವಿ ಬಿಟ್ಟು ಮಲಗಿದ್ದನ್ನು ಯಾವ ಖಾನೆಗೆ ಹಾಕುವುದು? ನಿದ್ದೆಗೇ ಹಾಕಬೇಕು. ಅವ್ವನ ಬಿಪಿ ಗುಳಿಗೆ ಎಷ್ಟು ಉಳಿದಿವೆ, ಸಿಲಿಂಡರ್ ಎಂದು ಮುಗಿಯುತ್ತದೆ ಅನ್ನುವ ಎಣಿಕೆಯದೂ ಅದೇ ಕಥೆ. ನಿಮ್ಮವರ ದಣಿವು ಅಲ್ಲೇ ಇದ್ದೀತು, ಕೇಳಿ ನೋಡಿ.

ಈಗ ನೀರಿನ ರಾತ್ರಿ ನನ್ನ ಪಾಲಿಗೆ. ತಾಟು ನಾನೇ ಇಡುತ್ತೇನೆ. ಮೊದಲ ಎರಡು ವಾರ ಸಪ್ಪಳಕ್ಕೆ ಎದ್ದು ನನ್ನನ್ನು ಎಬ್ಬಿಸಿದವಳು ಮಾತ್ರ ಅವಳೇ.